ಹೆಸರಿಲ್ಲದ ಲಕೋಟೆ

ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು,
18-10-1943, ಸೋಮವಾರ ಬೆಳಿಗ್ಗೆ

ಪೂಜ್ಯರಿಗೆ ಪಿಳ್ಳಮ್ಮನ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಕುಲುಮೆಯ ಮುಂದೆ ಬೆವರಿ ಬಂದು ಮೈಮೇಲೆ ತಣ್ಣೀರು ಸುರಿದುಕೊಳ್ಳುವ ಅಭ್ಯಾಸ ಬಿಟ್ಟಿದ್ದೀರೋ ಇಲ್ಲವೋ ತಿಳಿಸಿ. ಭದ್ರಾವತಿಯಲ್ಲಿ ನಿಮ್ಮನ್ನು ಗದರುವವರು ಯಾರಿದ್ದಾರೆ. ಕೆಮ್ಮಿಗೆ ಮೆಣಸು, ಬೆಲ್ಲ ಕುದಿಸಿ ಕುಡಿಯಬೇಕಂತೆ, ಅತ್ತೆಯವರು ಹೇಳಿದ್ದಾರೆ. ಅವರು ಗಟ್ಟಿಯಾಗಿದ್ದಾರೆ, ಮೊಣಕಾಲು ಒಂದನ್ನು ಬಿಟ್ಟು. ನಾನೂ ಚೆನ್ನಾಗಿದ್ದೇನೆ. ನಿಮ್ಮ ತಮ್ಮ ಚೆನ್ನಾಗಿದ್ದಾನೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ. ಸೊಣ್ಣಪ್ಪ ನಿನ್ನೆ ಬೆಳಿಗ್ಗೆ ಮನೆ ಬಿಟ್ಟವನು ಇನ್ನೂ ಬಂದಿಲ್ಲ.

ಗಾಬರಿಯಾಗಬೇಡಿ ಎಂದು ಬರೆದರೆ ನೀವು ಗಾಬರಿಯಾಗದೆ ಇರುವವರಲ್ಲ, ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ಹೋದ ಕಾಗದದಲ್ಲಿ ನೀವು, ಗಂಡಾಳಿಲ್ಲದೆ ಮನೆ ನಡೆಯುವುದಿಲ್ಲ, ಈ ಪಂದ್ಯವೊಂದು ಮುಗಿಯಲಿ, ದೀಪಾವಳಿಗೆ ಮುಂಚೆ ಸೊಣ್ಣಪ್ಪನನ್ನು ಕಾಲೇಜು ಬಿಡಿಸಿ ಊರಿಗೆ ಕರೆಸಿಕೊಳ್ಳಿ ಎಂದಿದ್ದಿರಿ. ಹೋದ ವಾರ ಅವನು ಬೆಂಗಳೂರಿನಿಂದ ಬಂದಾಗ ಓದಿ ಹೇಳಿದೆ. ಹಿತ್ತಲಿನ ಹುಣಿಸೆಮರಕ್ಕೆ ಪೀಪಾಯಿಯ ಬಳೆಯೊಂದನ್ನು ಕಟ್ಟಿಕೊಂಡಿದ್ದಾನಲ್ಲ, ಅದರೊಳಕ್ಕೆ ಕತ್ತಲಾಗುವ ತನಕ ಚೆಂಡು ಎಸೆಯುತ್ತಲೇ ಇದ್ದ. ಅತ್ತೆಯವರ ಬಾಯಿ ನಿಮಗೆ ಗೊತ್ತೇ ಇದೆ. "ತಳ ಇಲ್ದಿರೋ ಕುಕ್ಕೇಗೆ ಚೆಂಡು ಹಾಕಾಕೆ ಕಾಲೇಜು ಬೇರೆ ಬೇಕಾ ಇವ್ನಿಗೆ" ಎಂದರು. ಎಂದವರೇ ಅವನಿಗೆಂದು ತುಪ್ಪ ಕಾಯಿಸಿಟ್ಟರು.

ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ಪಂದ್ಯ ಈ ಸಲ ದೊಡ್ಡಬಳ್ಳಾಪುರದ ಶಾಲೆಯ ಬಯಲಿನಲ್ಲಿ, ಶನಿವಾರ ಮತ್ತು ಭಾನುವಾರ. ಶನಿವಾರ ಇವನ ತಂಡ ಗೆದ್ದು ಕೊನೆಯ ಆಟಕ್ಕೆ ಬಂತು. ಆ ಖುಷಿಗೆ ಇದ್ದಿಲಲ್ಲಿ ಓಡುವ ಸಂಜೆಯ ಬಸ್ಸು ಹಿಡಿದು ಊಟಕ್ಕೆ ಮನೆಗೇ ಬಂದ, ಬರುವಾಗಲೇ ತೊಯ್ದು ತೊಪ್ಪೆಯಾಗಿದ್ದ. ಆಗ ಹಿಡಿದ ಮಳೆ ಬಿಡಲಿಲ್ಲ. ಮದರಾಸಿನ ಕಡೆ ಸಮುದ್ರದಲ್ಲಿ ಬಿರುಗಾಳಿ ಎದ್ದಿದೆಯಂತೆ. ಅದು ಇಷ್ಟು ದೂರ ಬಂದು ನಮ್ಮ ರಾಗಿಯನ್ನು ಮಲಗಿಸಿತು, ಹುಣಿಸೆಯ ಕೊಂಬೆಯನ್ನು ಪೀಪಾಯಿ ಬಳೆಯ ಸಮೇತ ಮುರಿದು ಹಾಕಿತು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕೆರೆ ತುಂಬಿ, ನೀರು ಏರಿಯ ನೆತ್ತಿಗೆ ಬಂದಿತ್ತು, ತಮಟೆ ಬಡಿದರು.

ತಮಟೆ ಬಡಿದರೆ ಪ್ರತಿ ಮನೆಯಿಂದ ಒಬ್ಬ ಆಳು ಕುಕ್ಕೆ ಹಿಡಿದು ಏರಿಯ ಮೇಲಿರಬೇಕು, ಆಳು ಬರದ ಮನೆಗೆ ಆ ವರ್ಷ ನೀರಿನ ಸರದಿ ಕೊನೆಗೆ. ಇದನ್ನು ನಿಮಗೆ ನಾನು ಹೇಳಬೇಕೆ. ಸೊಣ್ಣಪ್ಪ ಒಂದು ಕೈಯಲ್ಲಿ ಆಟದ ಬೂಟು, ಇನ್ನೊಂದು ಕೈಯಲ್ಲಿ ಮಣ್ಣಿನ ಕುಕ್ಕೆ ಹಿಡಿದು ನಡುಮನೆಯಲ್ಲಿ ನಿಂತುಬಿಟ್ಟ. ಅತ್ತೆಯವರು ಅವನ ಮುಖ ನೋಡಲಿಲ್ಲ. ನಾನು ಕುಕ್ಕೆ ಕಿತ್ತುಕೊಂಡೆ. "ನೀನು ಆಡ್ಕೊಂಡು ಬಾರಪ್ಪಾ. ಮನೆ ಕಡೆಯಿಂದ ನಾನು ಹೋಗ್ತೀನಿ" ಎಂದೆ. ಹಳ್ಳದ ಆಚೆ ನಿಲ್ಲುವ ಬೆಳಗಿನ ಬಸ್ಸಿಗೆಂದು ಆ ಮಳೆಯಲ್ಲೇ ಹೊರಟ. ಕಳಿಸಿದವಳು ನಾನು. ಅವನಿಗೆ ಏನಾದರೂ ಆಗಿದ್ದರೆ ಅದು ನನ್ನ ತಲೆಯ ಮೇಲೆ.

ನಿಮ್ಮ ಕಂಬಳಿಯ ಕೊಪ್ಪೆ ಹಾಕಿಕೊಂಡು ಏರಿಗೆ ಹೋದೆ. ನೀರಗಂಟಿ ವೆಂಕಟರಾಯಪ್ಪ ಮನೆಮನೆಯ ಯಜಮಾನರ ಹೆಸರು ಕೂಗುತ್ತಾ ಬಂದು ನಿಮ್ಮ ಹೆಸರೂ ಕೂಗಿದ. ಕೊಪ್ಪೆಯೊಳಗಿಂದಲೇ "ಬಂದಿದೀನಿ" ಎಂದೆ. ದನಿ ಕೇಳಿ ಹತ್ತಿರ ಬಂದು ಬಗ್ಗಿ ನೋಡಿದ. "ಇದೇನವ್ವಾ, ಮನೇಲಿ ಗಂಡಸ್ರಿಲ್ವಾ?" ಎಂದ. "ಮಣ್ಣಿಗೇನು ಗಂಡಸು ಹೆಂಗಸು ಗೊತ್ತಾಯ್ತದಾ, ಕುಕ್ಕೆ ತುಂಬ್ಸಣ್ಣ" ಎಂದೆ. ಸಾಲಿನಲ್ಲಿ ನಾಲ್ಕು ಜನ ನಕ್ಕರು, ಆಮೇಲೆ ನಗುವುದಕ್ಕೆ ಯಾರಿಗೂ ಉಸಿರಿರಲಿಲ್ಲ. ಏರಿ ಕಾಲಡಿಯಲ್ಲಿ ಅದುರುತ್ತಿತ್ತು. ಕೋಡಿಯ ಆಚೆ ದಡದಲ್ಲೂ ಜನ ಕೊಪ್ಪೆ ಹಾಕಿಕೊಂಡು ಮಣ್ಣು ಹೊರುತ್ತಿದ್ದರು. ಅವರಲ್ಲಿ ಉದ್ದನೆಯವನೊಬ್ಬ ಕುಕ್ಕೆಯನ್ನು ಕೈಗೆ ಕೊಡದೆ ದೂರದಿಂದಲೇ ಎಸೆಯುತ್ತಿದ್ದ. "ಯಾವನ್ಲಾ ಅವ್ನು, ಮಣ್ಣೆಲ್ಲಾ ಚೆಲ್ತಾನೆ" ಎಂದು ವೆಂಕಟರಾಯಪ್ಪ ಈ ದಡದಿಂದಲೇ ಬೈದ. ಅವನು ಬೈದದ್ದು ಆಚೆಗೆ ಕೇಳಿಸುವಂತಿರಲಿಲ್ಲ, ಕೋಡಿಯ ಭೋರ್ಗರೆತ ಅಷ್ಟಿತ್ತು.

ಕೆರೆ ಉಳಿಯಿತು. ಸೊಣ್ಣಪ್ಪ ಸಂಜೆಗೆ ಬರಲಿಲ್ಲ. ದೊಡ್ಡಬಳ್ಳಾಪುರದಲ್ಲೇ ಗೆಳೆಯರ ಜೊತೆ ಉಳಿದಿದ್ದಾನೆ ಎಂದು ಅಂದುಕೊಂಡೆ. ಇವತ್ತು ಬೆಳಿಗ್ಗೆ ಬಸ್ಸಿನ ಅಪ್ಪಯ್ಯಣ್ಣ ಸುತ್ತುದಾರಿಯಲ್ಲಿ ನಡೆದು ಬಂದು ಹೇಳಿದ: ದೊಡ್ಡಬಳ್ಳಾಪುರದಲ್ಲಿ ಆಟವೇ ನಡೆಯಲಿಲ್ಲವಂತೆ, ಬಯಲೆಲ್ಲಾ ನೀರು. ಬಸ್ಸು ನಮ್ಮ ಹಳ್ಳದವರೆಗೂ ಬರಲೇ ಇಲ್ಲವಂತೆ. ಸೊಣ್ಣಪ್ಪನನ್ನು ಕಂಡವರು ಯಾರೂ ಇಲ್ಲ. ಹಳ್ಳದಲ್ಲಿ ಒಂದು ಗಾಡಿ, ಎತ್ತಿನ ಸಮೇತ, ಕೊಚ್ಚಿಕೊಂಡು ಹೋಗಿದೆ. ಇಷ್ಟನ್ನೂ ಅಪ್ಪಯ್ಯಣ್ಣ ನನಗೆ ಕೊಟ್ಟಿಗೆಯ ಹಿಂದೆ ಹೇಳಿದ. ಅತ್ತೆಯವರಿಗೆ ನಾನು, ಹುಡುಗ ದೊಡ್ಡಬಳ್ಳಾಪುರದಲ್ಲೇ ಇದ್ದಾನಂತೆ, ದಾರಿ ಸರಿಹೋದ ಮೇಲೆ ಬರುತ್ತಾನಂತೆ ಎಂದೆ. ಅವರು ಬಾಗಿಲಲ್ಲಿ ಕೂತು ಹುರುಳಿ ಆರಿಸುತ್ತಿದ್ದಾರೆ. ಆರಿಸಿದ್ದನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸುತ್ತಿದ್ದಾರೆ. ನನ್ನ ಸುಳ್ಳು ಅವರಿಗೆ ಗೊತ್ತಾಗಿದೆ ಎಂದು ಕಾಣುತ್ತದೆ. ಹಳ್ಳದ ದಡದಲ್ಲಿ ಹುಡುಕಲು ನಾಲ್ಕು ಜನ ಹೋಗಿದ್ದಾರೆ. ನಾನು ಬರೆಯುತ್ತಾ ಕೂತಿದ್ದೇನೆ.

ಇನ್ನೊಂದು ಕಷ್ಟ ಇದೆ. ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳುವಂತಿಲ್ಲ, ಕೈಯಲ್ಲಿ ಬರೆಯುವಂತಿಲ್ಲ. ಲಕೋಟೆಯ ಮೇಲೆ ಬರೆಯುತ್ತಿದ್ದವನು ಯಾವಾಗಲೂ ಸೊಣ್ಣಪ್ಪನೇ, ಅದಕ್ಕೇ ನಾನು ಕಾಗದ ಬರೆಯುವುದು ಅವನು ಊರಿಗೆ ಬಂದಾಗ ಮಾತ್ರ. ಈ ಲಕೋಟೆ ಎದುರಿಗೆ ಖಾಲಿ ಬಿದ್ದಿದೆ. ಮೇಷ್ಟರ ಹತ್ತಿರ ಬರೆಸಬಹುದು. ಬರೆಸಿದರೆ, ಅವನು ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಟಪಾಲಿನವನು ಬರುವ ತನಕ ಕಾಯುತ್ತೇನೆ.

ಅತ್ತೆಯವರ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ ನಿಮ್ಮ
ಪಿಳ್ಳಮ್ಮ

ಮರೆತ ಮಾತು: ಟಪಾಲಿನವನನ್ನು ಮಜ್ಜಿಗೆ ಕೊಟ್ಟು ಕೂರಿಸಿ ಬರೆಯುತ್ತಿದ್ದೇನೆ. ಸೊಣ್ಣಪ್ಪ ಬಂದ. ಹಳ್ಳ ದಾಟಿ ಬಸ್ಸಿಗೆ ಕಾದು, ವಾಪಸು ಬರುವಷ್ಟರಲ್ಲಿ ಹಳ್ಳ ತುಂಬಿತ್ತಂತೆ. ಮನೆಯ ಸರದಿ ಹೋಗಬಾರದೆಂದು ಕೋಡಿಯ ಆಚೆ ದಡಕ್ಕೆ ಹೋಗಿ ಕುಕ್ಕೆ ಹಿಡಿದಿದ್ದಾನೆ. ಮಣ್ಣು ಚೆಲ್ಲಿ ಬೈಸಿಕೊಂಡವನು ಅವನೇ. ಇವತ್ತು ಕೋಡಿಯ ನೀರು ಇಳಿದ ಮೇಲೆ ಹಗ್ಗ ಹಿಡಿದು ದಾಟಿ ಬಂದ. ಅಂಗೈ ಎರಡೂ ಕಿತ್ತುಹೋಗಿವೆ. ಅತ್ತೆಯವರು ಹರಳೆಣ್ಣೆ ಹಚ್ಚುತ್ತಾ ಅಳುತ್ತಿದ್ದಾರೆ, ಬೈಯುತ್ತಲೂ ಇದ್ದಾರೆ. ನಮ್ಮ ಮನೆಗೆ ಇಬ್ಬರು ಆಳು ಎಂದು ವೆಂಕಟರಾಯಪ್ಪ ಲೆಕ್ಕ ಹಿಡಿದಿದ್ದಾನೆ. ಈಗ ಈ ಹುಡುಗ, "ಅಣ್ಣ ಬರ್ದಿದ್ದು ಸರಿ ಅತ್ತಿಗೆ, ನಾನಿನ್ನು ಕಾಲೇಜಿಗೆ ಹೋಗಲ್ಲ" ಎಂದು ಹಟ ಹಿಡಿದಿದ್ದಾನೆ. ನನ್ನ ಮಾತು ಕೇಳುತ್ತಿಲ್ಲ, ನಿಮ್ಮ ಮಾತು ಮೀರುವುದಿಲ್ಲ. ಹೋಗು ಎಂದು ಒಂದು ಸಾಲು ಬರೆಯಿರಿ. ನಿಂತ ಆಟವನ್ನು ದೀಪಾವಳಿ ಕಳೆದ ಮೇಲೆ ಬೆಂಗಳೂರಿನಲ್ಲಿ ಆಡಿಸುತ್ತಾರಂತೆ. ಮನೆಯ ಕಡೆಯಿಂದ ನಾನಿದ್ದೇನೆ, ಊರೇ ನೋಡಿದೆ. ಈ ಕಾಗದ ಓದಿ ನೀವು ನನ್ನಷ್ಟು ಹೆದರಿರಲಾರಿರಿ, ಲಕೋಟೆಯ ಮೇಲಿನ ಸೊಟ್ಟ ಅಕ್ಷರ ನೋಡಿಯೇ ಅವನು ಮನೆಯಲ್ಲಿದ್ದಾನೆ ಎಂದು ಗೊತ್ತಾಗಿರಬೇಕು. ನೀವು ಹೂಂ ಎಂದರೆ, ಅವನು ಹೊರಡುವ ಮುಂಚೆ ಒಂದು ಕಟ್ಟು ಲಕೋಟೆಗಳ ಮೇಲೆ ನಿಮ್ಮ ಹೆಸರು ಬರೆಸಿಟ್ಟುಕೊಳ್ಳುತ್ತೇನೆ.