ಎರಡನೇ ಮಹಡಿಯಲ್ಲೇ ನಿಂತುಹೋದ ಗೋಡೆಗಳು

ಮಾನ್ಯ ಮುಖ್ಯ ಎಂಜಿನಿಯರ್ ಸಾಹೇಬರೇ,

ಕೋಲ್ಕತ್ತದ ಗರಿಯಾಹಾಟಿನ ಹತ್ತಿರ ನಿಮ್ಮ ಇಲಾಖೆ ನೌಕರರಿಗಾಗಿ ಕಟ್ಟಿಸಿದ ಒಂಬತ್ತು ಅಂತಸ್ತಿನ ಕಟ್ಟಡದ ನಕ್ಷೆಯ ಮೇಲೆ ನನ್ನ ಸಹಿಯಿದೆ. ಆ ನಕ್ಷೆ ನನ್ನದಲ್ಲ. ಇದು ನಿಮಗೆ ಗೊತ್ತು. ಅಲ್ಲಿ ವಾಸಕ್ಕೆ ಬಂದ ಐವತ್ತಾರು ಸಂಸಾರಗಳಿಗೆ ಗೊತ್ತಿಲ್ಲ. ಅದಕ್ಕೇ ಈ ಪತ್ರ ಎಲ್ಲರೆದುರು ಬರೆಯುತ್ತಿದ್ದೇನೆ. ಕನ್ನಡದಲ್ಲೇಕೆ ಅನ್ನುತ್ತೀರಾ? ನೀವು ನನಗೆ ಮಾತು ಕೊಟ್ಟದ್ದು ಕನ್ನಡದಲ್ಲೇ.

2004ರಲ್ಲಿ, ನಿಮ್ಮ ಇಲಾಖೆ ಕೆಲಸ ವಹಿಸಿದ್ದ ಖಾಸಗಿ ಸಂಸ್ಥೆಯ ಎಂಜಿನಿಯರಾಗಿ ನಾನು ವಿನ್ಯಾಸ ಮಾಡಿದಾಗ ಲಿಫ್ಟಿನ ಸುತ್ತಲೂ, ಕಟ್ಟಡದ ಎರಡು ತುದಿಗಳಲ್ಲೂ ದಪ್ಪ ಕಾಂಕ್ರೀಟ್ ಗೋಡೆಗಳಿದ್ದವು; ನಡುವೆ ಕಂಬ-ತೊಲೆಗಳ ಚೌಕಟ್ಟು. ಭೂಮಿ ನಡುಗಿದರೆ ಗೋಡೆ ಬಿಗಿಯಾಗಿ ತಡೆಯುತ್ತದೆ, ಚೌಕಟ್ಟು ಬಾಗಿ ಸಹಿಸುತ್ತದೆ. ಆದರೆ ಒಂದಕ್ಕೊಂದು ಹೆಗಲು ಕೊಡಬೇಕಾದರೆ ಎರಡೂ ಅಡಿಪಾಯದಿಂದಲೇ ಏಳಬೇಕು. ನಿಮಗೆ ಪಾಠ ಹೇಳುವ ಅಧಿಕಪ್ರಸಂಗ ನನ್ನದಲ್ಲ. ಭುಜ್ ಭೂಕಂಪದ ಬಳಿಕ ನಮ್ಮಂಥ ಕಿರಿಯರನ್ನು ಕೂರಿಸಿಕೊಂಡು ಇದನ್ನು ಹೇಳಿಕೊಟ್ಟವರು ನೀವೇ ಅಲ್ಲವೇ?

ಮರುವರ್ಷ ಒಂದು ಸಾಫ್ಟ್‌ವೇರ್ ಕಂಪನಿ ಕೆಳಗಿನ ಎರಡು ಅಂತಸ್ತು ಕೇಳಿತು. ಅವರ ವಿಶಾಲ ಹಾಲಿಗೆ ನನ್ನ ಗೋಡೆಗಳು ಅಡ್ಡವಾದವು. ಕೆಳಗೆ ಬರೀ ಕಂಬ, ಗೋಡೆ ಎರಡನೇ ಮಹಡಿಯಿಂದ ಮೇಲಕ್ಕೆ ಎಂದು ನಿಮ್ಮ ಇಲಾಖೆಯಿಂದ ಆಜ್ಞೆಯಾಯಿತು. ಏಳು ಅಂತಸ್ತಿನ ಬಿಗಿ ಹೊರೆಯನ್ನು ಸಡಿಲ ಕಾಲುಗಳ ಮೇಲೆ ನಿಲ್ಲಿಸುವುದು, ಅದೂ ಕೋಲ್ಕತ್ತದ ಈ ಮೆತ್ತನೆಯ ಮಣ್ಣಿನಲ್ಲಿ! ನಾನು ಬಿಬಿಡಿ ಬಾಗ್ ಪ್ರದೇಶದ ನಿಮ್ಮ ಕಚೇರಿಗೆ ಓಡಿ ಬಂದೆ.

"ಆಕ್ಷೇಪಣೆ ಬರೆದುಕೊಡಮ್ಮ. ನಾನಿದ್ದೀನಲ್ಲ, ಒಂದು ಗೋಡೆನೂ ಮುಟ್ಟೋಕೆ ಬಿಡಲ್ಲ," ಅಂದಿರಿ. ನಮ್ಮ ಕಡೆಯ ಹುಡುಗಿ ಎಂದು ಚಹಾ ತರಿಸಿದಿರಿ. ನಾಲ್ಕು ಪುಟ ಬರೆದು ನಿಮ್ಮ ಕೈಗೇ ಕೊಟ್ಟು ಬಂದೆ. ಅಂದು ಮನೆಗೆ ಎಷ್ಟು ಹಗುರಾಗಿ ಹೋದೆನೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ನಾಲ್ಕು ಪುಟ ಕಡತ ಸೇರಲೇ ಇಲ್ಲ. ನಕ್ಷೆಗಳಲ್ಲೂ ನನ್ನ ಸಹಿಯಿದ್ದ ಮೊದಲ ಹಾಳೆ ಮಾತ್ರ ಉಳಿಯಿತು. ಒಳಗಿನ ಹಾಳೆಗಳು ಬದಲಾದವು. ಕೇಳಲು ಬಂದಾಗ ನೀವು ಮೊದಲ ಬಾರಿಗೆ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದಿರಿ: ಫೈಲಿನಲ್ಲಿ ಇಲ್ಲದ್ದು ನಡೆದೇ ಇಲ್ಲ. ಎಂಥ ಅನುಕೂಲದ ಸಿದ್ಧಾಂತ! ಭೂಕಂಪವೂ ನಿಮ್ಮ ಫೈಲು ನೋಡಿಕೊಂಡೇ ಬರುತ್ತದೆಯೇ? ವಾರದೊಳಗೆ ನನ್ನ ಸಂಸ್ಥೆಗೂ ನಾನು ಬೇಡವಾದೆ.

ಕಳೆದ ಭಾನುವಾರ ನಿಮ್ಮದೇ ಕಚೇರಿಯ ಗುಮಾಸ್ತ, ನಮ್ಮ ನಾಡಿನವರೇ ಆದ ಶ್ಯಾಮಸುಂದರ ಅವರು ಹೊಸ ಮನೆಯ ಪೂಜೆಗೆ ಕರೆದಿದ್ದರು. "ನೀವು ಡಿಸೈನ್ ಮಾಡಿದ್ದು ಅಂತ್ಲೇ ಧೈರ್ಯವಾಗಿ ಏಳನೇ ಮಹಡಿ ತಗೊಂಡ್ವಿ, ಮೇಡಂ," ಅಂದರು. ಸುಮ್ಮನಿರಲಾಗಲಿಲ್ಲ. ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವರ ಹೆಂಡತಿ ಗೌರಿ ಕೈಯಲ್ಲಿದ್ದ ಅರಿಶಿನ-ಕುಂಕುಮದ ತಟ್ಟೆಯನ್ನು ಕೆಳಗಿಟ್ಟು, "ಹಾಗಾದ್ರೆ ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ಇದ್ದ ಬಾಡಿಗೆ ಮನೆನೂ ಬಿಟ್ಟುಬಂದ್ವಲ್ಲ," ಎಂದರು.

ಅವರ ಪ್ರಶ್ನೆಗೆ ಉತ್ತರ ನೀವು ಕೊಡಬೇಕು. ಹೊರಗಿನ ತಜ್ಞರನ್ನು ಕರೆಸಿ ಕಟ್ಟಡ ಪರೀಕ್ಷಿಸಿ. ಕೆಳಗಿನ ಎರಡು ಅಂತಸ್ತು ತೆರವು ಮಾಡಿಸಿ, ಗೋಡೆಗಳನ್ನು ಅಡಿಪಾಯದವರೆಗೆ ಇಳಿಸಿ. ಅಲ್ಲಿಯವರೆಗೆ ಆ ಐವತ್ತಾರು ಸಂಸಾರಗಳಿಗೆ ಬೇರೆ ಸೂರು ಕೊಡಿ. ಈ ಮಾತನ್ನು ನೀವೇ ಆ ಕಟ್ಟಡಕ್ಕೆ ಹೋಗಿ, ಗೌರಿಯವರ ಮುಖ ನೋಡಿ ಹೇಳಿ.

ಇಂತಿ,
ತಾನು ಬರೆಯದ ನಕ್ಷೆಗೆ ಹೊಣೆಗಾರಳಾದ
ಜಲಜಾ
ಕೋಲ್ಕತ್ತ, 2007