ಹುಳುಮನೆಯಲ್ಲಿ ಹಿಡಿದ ನಿದ್ದೆ

ಅನುಗೊಂಡನಹಳ್ಳಿ
೧೪-೮-೧೯೭೩, ಮಂಗಳವಾರ

ನನ್ನ ಸೊಸೆ ಆದಿಲಕ್ಷ್ಮಿಗೆ ನಿಮ್ಮತ್ತೆಯ ಆಶೀರ್ವಾದ.

ತವರಲ್ಲಿ ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಬಾವಿಗೆ ಒಬ್ಬಳೇ ಹೋಗುತ್ತೀಯೋ ಏನೋ ಎಂದು ನನಗೆ ದಿನವೂ ದಿಗಿಲು. ದಯವಿಟ್ಟು ಹೋಗಬೇಡ. ಒಲೆ ಮುಂದೆಯೂ ಒಬ್ಬಳೇ ಕೂರಬೇಡ. ಯಾಕೆಂದು ಮುಂದೆ ಬರೆದಿದ್ದೇನೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ತಪ್ಪಿದ್ದರೆ ಕೂಡಿಸಿಕೊಂಡು ಓದು.

ಹೋದ ವಾರ ನಮ್ಮಕ್ಕ ದ್ಯಾವಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಅವಳ ಗೊರಕೆ ನಿನಗೆ ಗೊತ್ತಲ್ಲ, ಮಧ್ಯೆ ಮಧ್ಯೆ ಉಸಿರೇ ನಿಂತುಹೋಗುತ್ತಿತ್ತು, ಹಗಲೆಲ್ಲ ತೂಕಡಿಕೆ. ಗಂಟಲೊಳಗೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ಮೈ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು ಎಂದರು ಡಾಕ್ಟರು. ನಿದ್ದೆಗೂ ಕಾಯಿಲೆ ಇರುತ್ತಾ ಎಂದು ನನಗೆ ಆಶ್ಚರ್ಯ. ತಡೆಯಲಾರದೆ ನಿನ್ನ ವಿಷಯ ಬಾಯಿಬಿಟ್ಟೆ. ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಾ ಹಾಕುತ್ತಾ ಹುಳುವಿನ ತಟ್ಟೆ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು ಎಂದೆ. ಆ ಡಾಕ್ಟರು ನಗಲಿಲ್ಲ. "ಜೋರಾಗಿ ನಕ್ಕಾಗ ಮಂಡಿ ಸಡಿಲ ಆಗಿ ಬೀಳ್ತಿದ್ಲೇನಮ್ಮಾ?" ಎಂದು ಕೇಳಿದರು. ನಿನ್ನ ಗಂಡ ಗೋಪಾಲ ಮೇಕೆ ಕೂಗಿದ ಹಾಗೆ ಕೂಗಿ ನಿನ್ನನ್ನು ನಗಿಸಿದ ದಿನ ನೀನು ಕೊಡದ ಸಮೇತ ಕುಸಿದೆಯಲ್ಲ, "ಆಹಾ, ಏನ್ ನಾಟಕ ಆಡ್ತಾಳೆ ನೋಡ್ರೇ" ಎಂದವಳು ನಾನೇ.

ಅದಕ್ಕೆ ಏನೋ ಇಂಗ್ಲಿಷ್ ಹೆಸರಿದೆ, ನನ್ನ ನಾಲಿಗೆಗೆ ಬರಲಿಲ್ಲ. ತಲೆಯೊಳಗೆ ನಿದ್ದೆ ಎಚ್ಚರ ನೋಡಿಕೊಳ್ಳುವ ಕಡೆ ಏರುಪೇರಾಗಿರುತ್ತದಂತೆ. ಸೋಮಾರಿತನ ಅಲ್ಲ, ದೆವ್ವದ ಗಾಳಿಯೂ ಅಲ್ಲ. ನಿದ್ದೆ ಹತ್ತುವಾಗ ಎದೆ ಮೇಲೆ ಯಾರೋ ಕೂತ ಹಾಗಾಗುತ್ತದೆ, ಕೈಕಾಲು ಆಡಲ್ಲ ಎಂದು ನೀನು ಅಳುತ್ತಿದ್ದೆಯಲ್ಲ, ಅದೂ ಇದರದ್ದೇ ಅಂತೆ. ಅದಕ್ಕೆ ನಾನು ಮೆಣಸಿನಕಾಯಿ ಹೊಗೆ ಹಾಕಿಸಿದೆ. ಪೂರ್ತಿ ವಾಸಿಯಾಗದಿದ್ದರೂ ಹತೋಟಿಗೆ ಬರುತ್ತದೆ ಎಂದರು. ಬೆಳಿಗ್ಗೆ ಮಾತ್ರೆ ಕೊಡುತ್ತಾರೆ, ಮಧ್ಯಾಹ್ನ ಮನೆಯವರಿಗೆ ಹೇಳಿ ಕಾಲು ಗಂಟೆ ಮಲಗಬೇಕು, ರಾತ್ರಿ ಒಂದೇ ಹೊತ್ತಿಗೆ ಮಲಗಬೇಕು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ತಟ್ಟೆ ಅಲುಗಿಸಬೇಡಿ ಎಂದು ಮನೆಯವರಿಗೆಲ್ಲ ಗದರುತ್ತಿದ್ದವಳು, ನಿನಗೆ ಕಾಲು ಗಂಟೆ ಕೊಡಲಿಲ್ಲವಲ್ಲ.

ಸೋಮವಾರ ಆ ಡಾಕ್ಟರು ಇರುತ್ತಾರೆ. ನಿಮ್ಮಪ್ಪ ಬೈರಪ್ಪನವರ ಜೊತೆ ಹೋಗಿ ತೋರಿಸು. ಆಸ್ಪತ್ರೆಯ ಚೀಟಿ ಇದರೊಳಗೇ ಇಟ್ಟಿದ್ದೇನೆ, ಬಿದ್ದುಹೋಗದೆ ತಲುಪಿದರೆ ಸಾಕು. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಎಂದು ಹೇಳು. ದೇವರು ನಿನ್ನನ್ನು ಕಾಯಲಿ.

ನಿಮ್ಮತ್ತೆ,
ಮುನಿಗಂಗಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವೆಲ್ಲ ಸತ್ತದ್ದು ನೀನು ಸೊಪ್ಪು ಹಾಕದೆ ಮಲಗಿದ್ದಕ್ಕಲ್ಲ. ಹೊಸಕೋಟೆ ಸಂತೆಯಿಂದ ಹೊಗೆಸೊಪ್ಪು ತಂದ ಮಂಕರಿಯನ್ನು ತೊಳೆಯದೆ ಅದರಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದವಳು ನಾನು. ಹುಳು ಹಸಿರು ಕಕ್ಕಿದ್ದು ನೋಡಿದಾಗಲೇ ಹೊಗೆಸೊಪ್ಪಿನ ನಂಜು ಎಂದು ನನಗೆ ತಿಳಿಯಿತು, ಹಸಿದ ಹುಳು ಕಕ್ಕುವುದಿಲ್ಲ. ಗೋಪಾಲ ನಿನ್ನ ಮೇಲೆ ಕೂಗಾಡಿದಾಗ ಸುಮ್ಮನಿದ್ದೆ. ನಿನ್ನನ್ನು ಕರೆದೊಯ್ಯಲು ಬಂದ ನಿಮ್ಮಪ್ಪ "ನನ್ ಮಗಳಿಂದ ನಿಮ್ ಬೆಳೆ ಹೋಯ್ತು, ತಪ್ಪಾಯ್ತಮ್ಮಾ" ಎಂದು ಕೈ ಮುಗಿದಾಗಲೂ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಗೋಪಾಲನಿಗೆ ಹೇಳಿದೆ. ಅವನು ನನ್ನ ಹತ್ತಿರ ಮಾತಾಡುತ್ತಿಲ್ಲ. ನೀನು ಬರುವುದು ಬಿಡುವುದು ನಿನ್ನಿಷ್ಟ, ಕರೆಯುವ ಮುಖ ನನಗಿಲ್ಲ. ಇಷ್ಟನ್ನು ಮಾತ್ರ ನಿಮ್ಮಪ್ಪನಿಗೆ ಜೋರಾಗಿ ಓದಿ ಹೇಳು.