ಹಸಿರು ಫಲಕವನ್ನು ನಲವತ್ತು ಹೆಜ್ಜೆ ಸರಿಸಿ

ಕಡಲತೀರದ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

‘ಇಲ್ಲಿ ಈಜುವುದು ಸುರಕ್ಷಿತ’ ಎಂಬ ನಿಮ್ಮ ಹಸಿರು ಫಲಕ, ನಮ್ಮ ತೀರದಲ್ಲಿ ಜನ ಮುಳುಗುವ ಜಾಗದಲ್ಲೇ ನಿಂತಿದೆ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಸಮುದ್ರ ಮಾತ್ರ ಪರಿಶೀಲನೆ ಮುಗಿಯಲೆಂದು ಕಾಯಲಿಲ್ಲ.

ನಾನು ಅಣ್ಣನ ಅಂಗಡಿಯಲ್ಲಿ ಸರ್ಫಿಂಗ್ ಕಲಿಸುವವಳು. ಬೆಂಚಿನ ಮೇಲೆ ಕೂರಲಾರದೆ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟೆ. ಆದರೆ ನೀರು ಓದಲು ಬರುತ್ತದೆ. ಅಲೆ ಒಡೆದು ನೊರೆಯಾಗುವ ಕಡೆ ಕೆಳಗೆ ಮರಳ ದಿಬ್ಬವಿರುತ್ತದೆ, ಕಾಲು ನೆಲ ಮುಟ್ಟುತ್ತದೆ. ಎರಡು ನೊರೆಗಳ ನಡುವೆ ಕನ್ನಡಿಯಂತೆ ಸುಮ್ಮನಿರುವ ಪಟ್ಟಿಯಿದೆಯಲ್ಲ, ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವುದು ಅದರಲ್ಲೇ. ಅಲೆ ಚೆನ್ನಾಗಿರುವ ದಿನ ಸೆಳೆತವೂ ಜೋರು. ನಾವು ಕೈ ಬೀಸದೆ ಆಳಕ್ಕೆ ಹೋಗಲು ಅದನ್ನೇ ಹಿಡಿಯುತ್ತೇವೆ. ನಿಮ್ಮ ಸಮಿತಿ ಕೊಡೆ ಹಿಡಿದು ಬಂತು, ಬೂಟು ಬಿಚ್ಚದೆ ನೋಡಿತು, ಇಡೀ ತೀರದಲ್ಲಿ ಅಲೆಯಿಲ್ಲದ ಜಾಗ ಇದೊಂದೇ ಎಂದು ಅಲ್ಲೇ ಫಲಕ ನೆಡಿಸಿತು. ಫೋಟೋಕ್ಕೂ ಚೆನ್ನಾಗಿತ್ತು.

“ಸಾರ್, ಅದು ಎಳೆಯೋ ಜಾಗ,” ಅಂದೆ.

“ಎಷ್ಟು ಓದಿದೀಯಮ್ಮ?” ಅಂದರು ನಿಮ್ಮ ಎಂಜಿನಿಯರು.

“ಒಂಬತ್ತು ಫೇಲು.”

“ಮತ್ತೆ? ಫಲಕಕ್ಕೆ ಬಣ್ಣ ಬಳಿ, ಸಾಕು.”

ಬಳಿದೆ. ಆ ಫಲಕದ ಅಕ್ಷರ ನನ್ನದೇ. ಬೇರೆಯವರು ಸೊಟ್ಟ ಬರೆಯುತ್ತಾರೆಂಬ ಜಂಬಕ್ಕೆ ಬರೆದೆ. “ಇದನ್ನೂ ಪತ್ರದಲ್ಲಿ ಹಾಕ್ತೀಯಾ? ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡ ಕಣೇ,” ಅಂದ ಅಣ್ಣ. ಹಾಕಿದ್ದೇನೆ.

ಹೋದ ತಿಂಗಳು ಒಬ್ಬ ತಂದೆ ಹನ್ನೊಂದು ವರ್ಷದ ಮಗಳ ಜೊತೆ ಬಂದರು. ನೊರೆಗೆ ಹೆದರಿ, ಫಲಕ ಓದಿ, ಅಲ್ಲೇ ಇಳಿದರು. ಸೆಳೆತ ಇಬ್ಬರನ್ನೂ ಎಳೆದೊಯ್ದಿತು. ನಾನು ಹುಡುಗಿಯನ್ನು ನನ್ನ ಸರ್ಫ್ ಹಲಗೆಗೆ ಹತ್ತಿಸಿದೆ. ತಿರುಗಿ ನೋಡಿದಾಗ ತಂದೆ ಇರಲಿಲ್ಲ. ದಡದಲ್ಲಿ ಅವಳು ಅಳಲಿಲ್ಲ. “ಅಕ್ಕಾ, ಅಪ್ಪ ಓದ್ಕೊಂಡೇ ಇಳಿದಿದ್ದು,” ಅಂದಳು. ಬರೆದವರು ಯಾರೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿಮ್ಮ ವರದಿ ನಾಲ್ಕೇ ದಿನಕ್ಕೆ ಬಂತು: ‘ಮೃತರು ಸೂಚನೆ ಪಾಲಿಸದೆ ನೀರಿಗಿಳಿದದ್ದೇ ಕಾರಣ.’ ಯಾವ ಸೂಚನೆ, ಮಾನ್ಯರೇ?

ವರದಿ ಓದಿದ ಬೆಳಿಗ್ಗೆಯೇ ನಾನೂ ಅಣ್ಣನೂ ಫಲಕ ಕಿತ್ತು ನಲವತ್ತು ಹೆಜ್ಜೆ ಆಚೆ, ಅಲೆ ಒಡೆಯುವ ಕಡೆ ನೆಟ್ಟೆವು. ನಿಮ್ಮ ಇಲಾಖೆ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸಂಜೆಯೊಳಗೆ ಫಲಕ ಹಳೆಯ ಜಾಗಕ್ಕೆ ಬಂತು, ಬುಡಕ್ಕೆ ಕಾಂಕ್ರೀಟು ಬಿತ್ತು, ಸಾರ್ವಜನಿಕ ಆಸ್ತಿ ಹಾಳು ಮಾಡಿದೆನೆಂದು ನನ್ನ ಮೇಲೆ ದೂರೂ ಬಿತ್ತು. ಮಳೆಗಾಲ ಕಳೆದರೆ ಮರಳ ದಿಬ್ಬವೇ ಜಾಗ ಬದಲಿಸುತ್ತದೆ. ಅದಕ್ಕೂ ಕಾಂಕ್ರೀಟು ಹಾಕಿಸುತ್ತೀರಾ?

ನೀವು ಫಲಕ ಸರಿಸುವುದಿಲ್ಲ, ಗೊತ್ತು. ಈ ಪತ್ರವೂ ಪರಿಶೀಲನೆಯಲ್ಲೇ ಹಳದಿಯಾಗುತ್ತದೆ. ಆದರೂ ಕೇಳುತ್ತೇನೆ: ನಲವತ್ತು ಹೆಜ್ಜೆ. ಅದೂ ಆಗದಿದ್ದರೆ ಆ ಹುಡುಗಿಗೆ ಒಂದು ಕಾಗದ ಬರೆಯಿರಿ, ಅವಳಪ್ಪ ಸರಿಯಾಗೇ ಓದಿದ್ದರು ಎಂದು.

ಇಂತಿ,
ತಾನು ಬರೆದ ಫಲಕದ ಕೆಳಗೇ ದಿನವೂ ನಿಂತು
‘ಇಳಿಯಬೇಡಿ’ ಎಂದು ಕೂಗುವವಳು